ತುಂಬಿದ ಟ್ಯಾಂಕರನ್ನು ಬ್ರೇಕ್ ಕಾಯಿಸದೆ ಸಂಪಾಜೆಗೆ ಇಳಿಸುವುದು

ನನ್ನ ಅಕ್ಕನ ಮಗ ಕಳೆದ ತಿಂಗಳು ಮನೆಗೆ ಬಂದು, "ಮಾವ, ಮುಂದಿನ ವಾರದಿಂದ ಹಾಲಿನ ಟ್ಯಾಂಕರ್ ಹತ್ತುತ್ತಿದ್ದೇನೆ, ಮಂಗಳೂರು ಲೈನ್" ಎಂದು ಹೇಳಿದ. ಅವನ ಮುಖದಲ್ಲಿ ಸಂತೋಷ ಇತ್ತು. ನನಗೂ ಸಂತೋಷವಾಯಿತು, ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಬೆಳಿಗ್ಗೆ ಅವನನ್ನು ಕೂರಿಸಿಕೊಂಡು ಮೂರು ಗಂಟೆ ಮಾತನಾಡಿದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಈ ಘಾಟಿಗೆ ಹೊಸದಾಗಿ ಬರುವ ಬೇರೆ ಹುಡುಗರಿಗೂ ಇದು ಬೇಕಾಗುತ್ತದೆ.

ನಾನು ಕೊಡಗಿನ ಸುಂಟಿಕೊಪ್ಪದವನು. 26 ವರ್ಷ ಟ್ಯಾಂಕರ್ ಓಡಿಸಿದ್ದೇನೆ. ಮೊದಲ 12 ವರ್ಷ ಹಾಲು, ಆಮೇಲೆ ಡೀಸೆಲ್ ಮತ್ತು ಪೆಟ್ರೋಲ್. ಹಾಲು ತುಂಬಿಕೊಂಡು ಘಾಟಿ ಇಳಿಯುತ್ತಿದ್ದೆ, ಡೀಸೆಲ್ ತುಂಬಿಕೊಂಡು ಹತ್ತುತ್ತಿದ್ದೆ. ಹತ್ತುವುದು ಎಂಜಿನ್ನಿನ ಕೆಲಸ. ಇಳಿಯುವುದು ಮಾತ್ರ ಚಾಲಕನ ಕೆಲಸ.

ಮೊದಲು ಒಂದು ಲೆಕ್ಕ. ಮಡಿಕೇರಿಯಿಂದ ಸಂಪಾಜೆಗೆ ಸುಮಾರು 30 ಕಿಲೋಮೀಟರ್ ದೂರ. ಅಷ್ಟರೊಳಗೆ ರಸ್ತೆ ಹತ್ತಿರ ಹತ್ತಿರ 1,000 ಮೀಟರ್ ಕೆಳಗೆ ಇಳಿಯುತ್ತದೆ. 15,000 ಲೀಟರ್ ಹಾಲು ತುಂಬಿದ ಹತ್ತು ಚಕ್ರದ ಗಾಡಿ, ಗಾಡಿಯ ತೂಕವೂ ಸೇರಿ, ಸುಮಾರು 25 ಟನ್ ಬರುತ್ತದೆ. ಆ ತೂಕವನ್ನು ಅಷ್ಟು ಎತ್ತರದಿಂದ ವೇಗ ಏರದಂತೆ ಕೆಳಗಿಳಿಸುವಾಗ ಹೊರಬೀಳುವ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಅದಷ್ಟೂ ಶಾಖವಾದರೆ ಎಷ್ಟು ಎಂದು ಶಾಲಾ ಮೇಷ್ಟರೊಬ್ಬರು ನನಗೆ ಲೆಕ್ಕ ಹಾಕಿ ತೋರಿಸಿದ್ದರು: 780 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ನಾಲ್ಕು ದೊಡ್ಡ ಬ್ಯಾರೆಲ್ ತುಂಬ ಕುದಿಯುವ ನೀರು! ಬ್ರೇಕ್ ಡ್ರಮ್ ಎಂದರೆ ಚಕ್ರದೊಡನೆ ತಿರುಗುವ ಕಬ್ಬಿಣದ ಬಟ್ಟಲು. ಹಿಂದಿನ ಪ್ರತಿ ಜೋಡಿ ಚಕ್ರಕ್ಕೆ ಒಂದೇ ಇರುವುದರಿಂದ ಹತ್ತು ಚಕ್ರಕ್ಕೆ ಆರೇ ಡ್ರಮ್. ಅಷ್ಟು ಶಾಖವನ್ನೂ ಆ ಆರರ ಮೇಲೆ ಹೇರಿದರೆ ಅವು ಉಳಿಯುವುದು ಹೇಗೆ?

ಶಾಖ ಎಷ್ಟು ಎಂಬುದನ್ನು ಬೆಟ್ಟ ಮತ್ತು ತೂಕ ತೀರ್ಮಾನಿಸುತ್ತವೆ, ಅದನ್ನು ನಾವು ಕಡಿಮೆ ಮಾಡಲಾರೆವು. ಆದರೆ ಅದನ್ನು ಯಾರು ಹೊರಬೇಕು ಎಂಬುದು ನಮ್ಮ ಕೈಯಲ್ಲಿದೆ. ಎಂಜಿನ್ ಹೊತ್ತರೆ ಅದು ಸೈಲೆನ್ಸರ್ ಮತ್ತು ರೇಡಿಯೇಟರ್ ಮೂಲಕ ಹೊರಗೆ ಹೋಗುತ್ತದೆ, ಗಂಟೆಗಟ್ಟಲೆ ಹೊತ್ತರೂ ತೊಂದರೆಯಿಲ್ಲ. ಡ್ರಮ್ ಹೊತ್ತರೆ ಅಲ್ಲೇ ಕೂತುಕೊಳ್ಳುತ್ತದೆ. ಹಾಗಾಗಿ ಇಳಿಜಾರಿನಲ್ಲಿ ವೇಗವನ್ನು ಹಿಡಿದಿಡುವುದು ಎಂಜಿನ್, ತಪ್ಪಿದ ವೇಗವನ್ನು ತಿದ್ದುವುದು ಮಾತ್ರ ಬ್ರೇಕ್. ಮುಂದೆ ನಾನು ಹೇಳುವುದೆಲ್ಲ ಈ ಒಂದು ಮಾತಿನಿಂದಲೇ ಹುಟ್ಟಿದ್ದು.

ಇದನ್ನು ನಾನು ಕಲಿತದ್ದು ಕೆಟ್ಟ ರೀತಿಯಲ್ಲಿ. ಟ್ಯಾಂಕರ್ ಹತ್ತಿದ ಮೂರನೆಯ ವರ್ಷ, ಮೇ ತಿಂಗಳ ಒಂದು ಮಧ್ಯಾಹ್ನ. ತಡವಾಗಿತ್ತು, ಮಾಲೀಕರು ಎರಡು ಬಾರಿ ಫೋನ್ ಮಾಡಿಸಿದ್ದರು. ಮದೆನಾಡು ದಾಟುವವರೆಗೂ ನಾಲ್ಕನೆಯ ಗೇರಿನಲ್ಲೇ ಬಂದೆ, ತಿರುವು ಬಂದಾಗಲೆಲ್ಲ ಬ್ರೇಕ್ ಒತ್ತಿದೆ. ಜೋಡುಪಾಲಕ್ಕೆ ಮೊದಲು ಒಂದು ತಿರುವಿನಲ್ಲಿ ಪೆಡಲ್ ಒತ್ತಿದರೆ ಗಾಳಿಯ ಸದ್ದು ಎಂದಿನಂತೆಯೇ ಬಂತು, ಗಾಡಿ ಮಾತ್ರ ಹಿಡಿಯಲಿಲ್ಲ. ಈ ಗಾಡಿಗಳ ಬ್ರೇಕ್ ಗಾಳಿಯ ಒತ್ತಡದಿಂದ ಕೆಲಸ ಮಾಡುತ್ತದೆ, ಮೀಟರಿನಲ್ಲಿ ಅದು 7 ಬಾರ್ ಮೇಲೆಯೇ ಇತ್ತು. ಇನ್ನಷ್ಟು ಒತ್ತಿದೆ. ಮರದ ಹಲಗೆಯನ್ನು ಒತ್ತಿದ ಹಾಗಿತ್ತು. ಗುಡ್ಡ ನನ್ನ ಎಡಕ್ಕಿತ್ತು, ಅದು ನನ್ನ ಪುಣ್ಯ. ಎಡಗಡೆಯ ಚಕ್ರಗಳನ್ನು ಚರಂಡಿಗೆ ಇಳಿಸಿ ಗಾಡಿಯ ಮೈಯನ್ನು ಮಣ್ಣಿನ ಗೋಡೆಗೆ ಉಜ್ಜಿಸಿ ನಿಲ್ಲಿಸಿದೆ. ನಿಂತ ಮೇಲೆ ನೋಡಿದರೆ ಹಿಂದಿನ ನಾಲ್ಕೂ ಡ್ರಮ್ಮುಗಳಿಂದ ನೀಲಿ ಹೊಗೆ ಏಳುತ್ತಿತ್ತು. ಗಾಬರಿಯಾದ ಕ್ಲೀನರ್ ಹುಡುಗ ಕುಡಿಯುವ ನೀರಿನ ಕ್ಯಾನ್ ತಂದು ಒಂದರ ಮೇಲೆ ಸುರಿದುಬಿಟ್ಟ. ಟಣ್ ಎಂದು ಸದ್ದಾಯಿತು. ಮರುದಿನ ಬಿಚ್ಚಿದಾಗ ಆ ಡ್ರಮ್ಮಿನಲ್ಲಿ ಅಡ್ಡಕ್ಕೆ ಸೀಳು ಇತ್ತು.

ಗಾಳಿ ಇದ್ದೂ ಬ್ರೇಕ್ ಏಕೆ ಹಿಡಿಯಲಿಲ್ಲ ಎಂದು ಹೊಸಬರು ಕೇಳುತ್ತಾರೆ. ಎರಡು ಕಾರಣಗಳಿವೆ. ಕಾದ ಡ್ರಮ್ ಹಿಗ್ಗುತ್ತದೆ, ಅಂದರೆ ಒಳಗಿನಿಂದ ಅದನ್ನು ಒತ್ತುವ ಶೂಗಳ ಮೇಲಿನ ಉಜ್ಜುಪಟ್ಟಿಯಿಂದ, ಲೈನರ್‌ನಿಂದ, ದೂರ ಸರಿಯುತ್ತದೆ. ಶೂಗಳು ಅದನ್ನು ಮುಟ್ಟಲು ಇನ್ನೂ ಹೆಚ್ಚು ಅಗಲಬೇಕು, ಗಾಳಿ ತುಂಬುವ ಚೇಂಬರಿನಿಂದ ಶೂಗಳನ್ನು ತಳ್ಳುವ ಸರಳು, ಅಂದರೆ ಪುಶ್‌ರಾಡ್, ಇನ್ನೂ ಹೆಚ್ಚು ಹೊರಗೆ ಬರಬೇಕು. ಪುಶ್‌ರಾಡ್‌ಗೆ ಒಂದು ಮಿತಿ ಇದೆ, ಅಲ್ಲಿಗೆ ತಲುಪಿದ ಮೇಲೆ ಎಷ್ಟು ಗಾಳಿ ಕೊಟ್ಟರೂ ಪ್ರಯೋಜನವಿಲ್ಲ. ಎರಡನೆಯದು, ಮಿತಿ ಮೀರಿ ಕಾದ ಲೈನರ್ ತನ್ನ ಹಿಡಿತವನ್ನೇ ಕಳೆದುಕೊಳ್ಳುತ್ತದೆ. ಎರಡೂ ಒಟ್ಟಿಗೆ ಬರುತ್ತವೆ. ಪುಶ್‌ರಾಡ್ ಮತ್ತು ಶೂಗಳ ನಡುವಿನ ಸಡಿಲವನ್ನು ಸರಿಮಾಡುವ ಸ್ಲ್ಯಾಕ್ ಅಡ್ಜಸ್ಟರ್ ಮೊದಲೇ ಸಡಿಲವಾಗಿದ್ದರೆ ಬೇಗ ಬರುತ್ತವೆ. ನನ್ನ ಗಾಡಿಯದು ಸಡಿಲವಾಗಿತ್ತು, ನಾನು ನೋಡಿರಲಿಲ್ಲ.

ಆದ್ದರಿಂದ ಹೊರಡುವ ಮೊದಲು ನೋಡಬೇಕಾದ್ದರಲ್ಲಿ ಸ್ಲ್ಯಾಕ್ ಅಡ್ಜಸ್ಟರ್‌ಗೆ ಮೊದಲ ಸ್ಥಾನ. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಚಕ್ರಕ್ಕೆ ಮುಂದೆ ಹಿಂದೆ ಕಲ್ಲು ಕೊಟ್ಟು, ಪಾರ್ಕಿಂಗ್ ಬ್ರೇಕ್ ಬಿಡಿ. ಡ್ರಮ್ ತಣ್ಣಗಿರಬೇಕು. ಪ್ರತಿ ಚಕ್ರದ ಪುಶ್‌ರಾಡ್ ಮೇಲೆ, ಅದು ಚೇಂಬರ್‌ನಿಂದ ಹೊರಬರುವ ಜಾಗದಲ್ಲಿ, ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಗಾಳಿ 6ರಿಂದ 7 ಬಾರ್ ಇರುವಾಗ ಒಬ್ಬರು ಪೆಡಲನ್ನು ಪೂರ್ತಿ ಒತ್ತಿ ಹಿಡಿಯಲಿ, ಇನ್ನೊಬ್ಬರು ಗೆರೆ ಎಷ್ಟು ಮುಂದೆ ಬಂತು ಎಂದು ಅಳೆಯಲಿ. ಸಾಮಾನ್ಯ 30ನೇ ನಂಬರಿನ ಚೇಂಬರ್ ಆದರೆ 2 ಇಂಚು ಮುಟ್ಟಿತು ಎಂದರೆ ಆ ಗಾಡಿ ಘಾಟಿಗೆ ಇಳಿಯಬಾರದು. ಕೈಯಿಂದ ಬಿಗಿಮಾಡುವ ಅಡ್ಜಸ್ಟರ್ ಇದ್ದರೆ ಶೂ ಡ್ರಮ್ಮಿಗೆ ತಾಗುವವರೆಗೆ ಬೋಲ್ಟ್ ತಿರುಗಿಸಿ, ಆಮೇಲೆ ಕಾಲು ಸುತ್ತಿನಿಂದ ಅರ್ಧ ಸುತ್ತು ಹಿಂದಕ್ಕೆ ಬಿಡಿ. ತೀರಾ ಬಿಗಿಯಾದರೆ ಶೂ ಉಜ್ಜುತ್ತಲೇ ಇರುತ್ತದೆ, ಬ್ರೇಕ್ ಒತ್ತದೆಯೇ ಡ್ರಮ್ ಕಾಯುತ್ತದೆ. ಅದೂ ಅಷ್ಟೇ ಕೆಟ್ಟದ್ದು. ಈಗಿನ ಗಾಡಿಗಳಲ್ಲಿ ತಾನಾಗಿಯೇ ಬಿಗಿಯಾಗುವ ಅಡ್ಜಸ್ಟರ್ ಬರುತ್ತದೆ. ಅದರಲ್ಲೂ ಅಳತೆ ಹೆಚ್ಚು ಬಂತು ಎಂದರೆ ಸ್ಪ್ಯಾನರ್ ಹಾಕಿ ತಿರುಗಿಸಿ ಸರಿಮಾಡಿದೆ ಎಂದುಕೊಳ್ಳಬೇಡಿ. ಒಳಗೆ ಬೇರೇನೋ ಕೆಟ್ಟಿದೆ, ಶೂಗಳನ್ನು ಅಗಲಿಸುವ ಎಸ್-ಕ್ಯಾಮ್ ದಂಡದ ಬುಷ್ ಸವೆದಿರಬಹುದು, ಅಡ್ಜಸ್ಟರೇ ಸತ್ತಿರಬಹುದು. ಮೆಕ್ಯಾನಿಕ್ ಬಿಚ್ಚಿ ನೋಡಲೇಬೇಕು.

ಏರ್ ಟ್ಯಾಂಕಿನ ನೀರನ್ನು ದಿನವೂ ಬಿಡಿ. ನಮ್ಮ ಊರಿನ ತೇವದ ಗಾಳಿಗೆ ಅದು ಬಯಲುಸೀಮೆಗಿಂತ ಬೇಗ ತುಂಬುತ್ತದೆ. ಲೈನರ್ ಎಷ್ಟು ಉಳಿದಿದೆ, ಚಕ್ರದ ನಡುವಿನ ಹಬ್ಬಿನಿಂದ ಎಣ್ಣೆ ಅಥವಾ ಗ್ರೀಸ್ ಇಳಿದು ಒಳಗೆ ಹೋಗಿದೆಯೇ ಎಂದೂ ನೋಡಿ. ಎಣ್ಣೆ ಕುಡಿದ ಲೈನರನ್ನು ತೊಳೆದು ಹಾಕುವುದು ಬೇಡ, ಬದಲಾಯಿಸಿ.

ಇನ್ನು ಗೇರು. ನನಗೆ ಗಾಡಿ ಕಲಿಸಿದ ಗುರುಗಳು, "ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು" ಎಂದು ಹೇಳಿಕೊಟ್ಟಿದ್ದರು. ಅವರ ಕಾಲದ ಗಾಡಿಗಳಿಗೆ ಅದು ಸರಿಯಾದ ಮಾತು. ಈಗ ಹಾಗಲ್ಲ. ಈಗಿನ ಎಂಜಿನ್‌ಗಳಲ್ಲಿ ಬಲ ಹೆಚ್ಚು, ಸಂಪಾಜೆ ಏರನ್ನು ಅವು ಮೇಲಿನ ಗೇರಿನಲ್ಲೇ ಹತ್ತಿಬಿಡುತ್ತವೆ. ಆದರೆ ಇಳಿಯುವಾಗ ತಡೆಯುವ ಶಕ್ತಿ ಅದೇ ಪ್ರಮಾಣದಲ್ಲಿ ಹೆಚ್ಚಿಲ್ಲ. ಹತ್ತಿದ ಗೇರಿನಲ್ಲೇ ಇಳಿದರೆ ಗಾಡಿ ಓಡುತ್ತದೆ, ಬ್ರೇಕ್ ಕೇಳುತ್ತದೆ. ಆದ್ದರಿಂದ ಹೊಸ ಗಾಡಿಯಾದರೆ ಹತ್ತಿದ ಗೇರಿಗಿಂತ ಒಂದು ಕಡಿಮೆ ಹಾಕಿ. ಸರಿಯಾದ ಗೇರು ಯಾವುದು ಎಂದು ತಿಳಿಯುವುದು ಸುಲಭ: ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಎಕ್ಸಾಸ್ಟ್ ಬ್ರೇಕ್ (ಎಂಜಿನ್ನನ್ನೇ ತಡೆಯುವ ಬ್ರೇಕ್, ಮುಂದೆ ಹೇಳುತ್ತೇನೆ) ಹಾಕಿದಾಗ ಗಾಡಿ ಅದೇ ವೇಗದಲ್ಲಿ ಉಳಿಯಬೇಕು, ಅಥವಾ ವೇಗ ತೀರಾ ನಿಧಾನವಾಗಿ ಏರಬೇಕು. ಹತ್ತು ಸೆಕೆಂಡಿಗೊಮ್ಮೆ ಬ್ರೇಕ್ ಬೇಕಾಗುತ್ತಿದ್ದರೆ ನೀವು ಒಂದು ಗೇರು ಮೇಲಿದ್ದೀರಿ. ನಾನು ಆರು ಗೇರಿನ ಗಾಡಿಯಲ್ಲಿ ತುಂಬಿದ ಹಾಲಿನೊಂದಿಗೆ ಮೂರನೆಯ ಗೇರಿನಲ್ಲಿ, ಗಂಟೆಗೆ 20ರಿಂದ 25 ಕಿಲೋಮೀಟರ್ ವೇಗದಲ್ಲಿ ಇಳಿಯುತ್ತಿದ್ದೆ. ಕಡಿದಾದ ತಿರುವುಗಳಿದ್ದ ಕಡೆ ಎರಡನೆಯ ಗೇರಿಗೂ ಇಳಿಯುತ್ತಿದ್ದೆ.

ಆ ಗೇರು ಇಳಿಜಾರು ಶುರುವಾಗುವ ಮೊದಲೇ ಬೀಳಬೇಕು. ಮಡಿಕೇರಿ ಬಿಟ್ಟು ತಾಳತ್ತಮನೆ ಬರುವ ಹೊತ್ತಿಗೆ ನನ್ನ ಗಾಡಿ ಕಡಿಮೆ ಗೇರಿನಲ್ಲಿ ಇರುತ್ತಿತ್ತು. ಓಡಲು ಶುರುಮಾಡಿದ ಗಾಡಿಯನ್ನು ನಡು ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ತರಲು ಹೋದರೆ ಗೇರು ಕೂರುವುದಿಲ್ಲ. ಹಳೆಯದು ಬಿಟ್ಟಿರುತ್ತೀರಿ, ಹೊಸದು ಸಿಕ್ಕಿರುವುದಿಲ್ಲ, ಗಾಡಿ ನ್ಯೂಟ್ರಲ್‌ನಲ್ಲಿ ಉಳಿಯುತ್ತದೆ. ಘಾಟಿಯಲ್ಲಿ ಇದಕ್ಕಿಂತ ಕೆಟ್ಟ ಸ್ಥಿತಿ ಇನ್ನೊಂದಿಲ್ಲ. ಡೀಸೆಲ್ ಉಳಿಸಲು ಬೇಕೆಂದೇ ನ್ಯೂಟ್ರಲ್ ಮಾಡುವವರೂ ಇದ್ದಾರೆ. ಅವರಿಗೆ ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ: ದಯವಿಟ್ಟು ಮಾಡಬೇಡಿ. ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಈಗಿನ ಎಂಜಿನ್‌ಗಳಿಗೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರಲು ಡೀಸೆಲ್ ಬೇಕೇ ಬೇಕು. ಉಳಿತಾಯ ಎಂಬ ಲೆಕ್ಕವೇ ತಪ್ಪು.

ಎಕ್ಸಾಸ್ಟ್ ಬ್ರೇಕ್ ಬಗ್ಗೆ ಎರಡು ಮಾತು. ಅದು ಸೈಲೆನ್ಸರ್ ಕಡೆಗೆ ಹೋಗುವ ಹೊಗೆಯ ದಾರಿಯನ್ನು ಮುಚ್ಚಿ ಎಂಜಿನ್ ತಿರುಗದಂತೆ ತಡೆಯುತ್ತದೆ. ಎಂಜಿನ್ ವೇಗವಾಗಿ ತಿರುಗುತ್ತಿದ್ದಾಗ ಅದರ ಬಲ ಹೆಚ್ಚು, ನಿಧಾನವಾಗಿದ್ದಾಗ ಏನೂ ಇಲ್ಲದ ಹಾಗೆ. ಹಾಗಾಗಿ ಕಡಿಮೆ ಗೇರು ಮತ್ತು ಎಕ್ಸಾಸ್ಟ್ ಬ್ರೇಕ್ ಜೊತೆಯಾಗಿಯೇ ಕೆಲಸ ಮಾಡಬೇಕು. ಎಂಜಿನ್ ಕೂಗುತ್ತದೆ ಎಂದು ಹೆದರಬೇಡಿ, ಮುಳ್ಳು ಕೆಂಪು ಗೆರೆ ದಾಟದಿದ್ದರೆ ಸಾಕು. ಮಳೆಯಲ್ಲಿ, ಅದೂ ಖಾಲಿ ಟ್ಯಾಂಕರ್ ಇದ್ದಾಗ ಮಾತ್ರ ಜಾಗ್ರತೆ. ಎಕ್ಸಾಸ್ಟ್ ಬ್ರೇಕ್ ಹಿಂದಿನ ಚಕ್ರಗಳನ್ನಷ್ಟೇ ಹಿಡಿಯುತ್ತದೆ, ಹಗುರವಾದ ಹಿಂಭಾಗ ಒದ್ದೆ ರಸ್ತೆಯಲ್ಲಿ ಜಾರಬಹುದು.

ಬ್ರೇಕ್ ಒತ್ತುವ ರೀತಿಗೆ ಬರೋಣ. ನಮ್ಮಲ್ಲಿ ಬಹಳ ಮಂದಿ ಹಗುರವಾಗಿ ಪಾದ ಇಟ್ಟು ಕಿಲೋಮೀಟರ್‌ಗಟ್ಟಲೆ ಉಜ್ಜಿಕೊಂಡು ಬರುತ್ತಾರೆ. ಹಗುರವಾಗಿ ಒತ್ತಿದರೆ ಹಗುರವಾಗಿ ಕಾಯುತ್ತದೆ ಎಂಬ ನಂಬಿಕೆ. ನಿಜ ಏನೆಂದರೆ, ಹಗುರವಾಗಿ ಒತ್ತಿದಾಗ ಎಲ್ಲ ಚಕ್ರಗಳ ಬ್ರೇಕೂ ಸಮನಾಗಿ ಹಿಡಿಯುವುದಿಲ್ಲ. ಬಿಗಿಯಾಗಿರುವ ಒಂದೆರಡು ಚಕ್ರಗಳು ಇಡೀ ಗಾಡಿಯ ಭಾರ ಹೊರುತ್ತವೆ, ಉಳಿದವು ಸುಮ್ಮನಿರುತ್ತವೆ. ಆ ಒಂದೆರಡೇ ಕಾದು ಕೆಂಪಾಗುತ್ತವೆ. ಸರಿಯಾದ ಕ್ರಮ ಹೀಗೆ: ನಿಮ್ಮ ಮಿತಿ 25 ಎಂದಿಟ್ಟುಕೊಳ್ಳಿ. ಮುಳ್ಳು 25 ಮುಟ್ಟಿದಾಗ ಗಟ್ಟಿಯಾಗಿ ಒತ್ತಿ, ಮೂರು ಸೆಕೆಂಡಿನೊಳಗೆ 17-18ಕ್ಕೆ ತನ್ನಿ, ಆಮೇಲೆ ಪಾದವನ್ನು ಪೂರ್ತಿ ತೆಗೆಯಿರಿ. ಮತ್ತೆ 25 ಬರುವವರೆಗೆ ಮುಟ್ಟಬೇಡಿ. ಗಟ್ಟಿಯಾಗಿ ಒತ್ತಿದಾಗ ಎಲ್ಲ ಚಕ್ರಗಳೂ ಪಾಲು ಹಂಚಿಕೊಳ್ಳುತ್ತವೆ, ಬಿಟ್ಟಾಗ ಎಲ್ಲವೂ ಉಸಿರಾಡುತ್ತವೆ. ಹಾಗೆಂದು ಪಟಪಟನೆ ಪಂಪ್ ಮಾಡಬಾರದು, ಗಾಳಿ ಖಾಲಿಯಾಗುತ್ತದೆ. ಪ್ರತಿ ಬಾರಿ ಒತ್ತಿದಾಗಲೂ ಪೆಡಲ್ ಹೇಗಿದೆ ಎಂದು ಪಾದಕ್ಕೆ ತಿಳಿಯುತ್ತದೆ. ಮೊದಲಿನಷ್ಟೇ ವೇಗ ಇಳಿಸಲು ಈಗ ಹೆಚ್ಚು ಒತ್ತಬೇಕಾಗಿದೆ ಎಂದು ಅನಿಸಿದ ಕ್ಷಣವೇ ನಿಲ್ಲಿಸಲು ಜಾಗ ಹುಡುಕಿ. ಹೊಗೆ ಬರುವವರೆಗೆ ಕಾಯಬೇಡಿ. ಹೊಗೆ ಬರುವ ಹೊತ್ತಿಗೆ ತಡವಾಗಿರುತ್ತದೆ.

ಕಾದ ಬ್ರೇಕಿನ ವಾಸನೆಯನ್ನು ನಂಬಿ. ಕ್ಲಚ್ ಸುಟ್ಟಾಗ ಬರುವ ಕಮಟು ವಾಸನೆಗೆ ಹತ್ತಿರವಾದ ವಾಸನೆ ಅದು. ಆದ್ದರಿಂದ ಘಾಟಿಯಲ್ಲಿ ಚಳಿಯಿದ್ದರೂ ಕಿಟಕಿ ನಾಲ್ಕು ಬೆರಳು ತೆರೆದಿರಲಿ.

ಹಿಂದಿನ ಕಾರುಗಳ ವಿಷಯ. ಶನಿವಾರ, ಭಾನುವಾರ, ಮಡಿಕೇರಿ ದಸರಾ ದಿನಗಳಲ್ಲಿ ನಿಮ್ಮ ಹಿಂದೆ ಹತ್ತು ಹದಿನೈದು ಕಾರುಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತವೆ. ಹೊಸ ಚಾಲಕ ಸೋಲುವುದು ಅಲ್ಲಿಯೇ. ಅವನಿಗೆ ನಾಚಿಕೆಯಾಗುತ್ತದೆ, ಒಂದು ಗೇರು ಮೇಲೆ ಹಾಕುತ್ತಾನೆ. ರಸ್ತೆ ಅಗಲವಾಗಿ, ಸ್ವಲ್ಪ ಸಮತಟ್ಟಾಗಿ ಇರುವ ಜಾಗ ಬಂದಾಗ ಎಡಕ್ಕೆ ಸರಿದು ಅವರನ್ನು ಮುಂದೆ ಬಿಡಿ. ಅದಕ್ಕಿಂತ ಮೊದಲು ಅವರಿಗಾಗಿ ಒಂದು ಕಿಲೋಮೀಟರ್ ವೇಗವನ್ನೂ ಹೆಚ್ಚಿಸಬೇಡಿ.

ಟ್ಯಾಂಕರ್‌ಗೆ ಲಾರಿಗಿಲ್ಲದ ಒಂದು ಕಷ್ಟ ಇದೆ: ಒಳಗಿನ ದ್ರವ ಚಲಿಸುತ್ತದೆ. ಅರ್ಧ ತುಂಬಿದ ಟ್ಯಾಂಕ್ ಪೂರ್ತಿ ತುಂಬಿದ್ದಕ್ಕಿಂತ ತುಂಟ. ಬ್ರೇಕ್ ಒತ್ತಿದಾಗ ಹಾಲು ಮುಂದಕ್ಕೆ ನುಗ್ಗಿ ಗಾಡಿಯನ್ನು ದೂಡುತ್ತದೆ, ಚಾಲಕ ಇನ್ನಷ್ಟು ಒತ್ತುತ್ತಾನೆ, ಬ್ರೇಕ್ ಇನ್ನಷ್ಟು ಕಾಯುತ್ತದೆ. ಡೀಸೆಲ್ ಟ್ಯಾಂಕಿನ ಒಳಗೆ ಕೋಣೆಗಳೂ ತಡೆ ಹಲಗೆಗಳೂ ಇರುತ್ತವೆ. ಹಾಲಿನ ಟ್ಯಾಂಕನ್ನು ಒಳಗಿನಿಂದ ಸ್ವಚ್ಛವಾಗಿ ತೊಳೆಯಬೇಕಾದ್ದರಿಂದ ಹಲವದರಲ್ಲಿ ಅಂತಹ ತಡೆ ಕಡಿಮೆ. ಕೋಣೆಗಳಿದ್ದರೆ ಕೆಲವನ್ನು ಪೂರ್ತಿ ತುಂಬಿ ಉಳಿದವನ್ನು ಖಾಲಿ ಬಿಡಿಸಿ, ಎಲ್ಲವನ್ನೂ ಅರ್ಧರ್ಧ ತುಂಬಿಸಬೇಡಿ. ತಿರುವಿನ ಒಳಗೆ ಬ್ರೇಕ್ ಒತ್ತಬೇಡಿ, ತಿರುವಿಗೆ ಮೊದಲೇ ನೇರ ರಸ್ತೆಯಲ್ಲಿ ವೇಗ ಇಳಿಸಿ ಮುಗಿಸಿ.

ಕುಶಾಲನಗರದ ಕಡೆಯ ಇಳಿಜಾರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಡಿಕೇರಿಯಿಂದ ಬೋಯಿಕೇರಿ, ಸುಂಟಿಕೊಪ್ಪ, ಆನೆಕಾಡಿನವರೆಗೆ ರಸ್ತೆ ಮೆಲ್ಲಮೆಲ್ಲನೆ ಇಳಿಯುತ್ತದೆ. ಮಂಗಳೂರಿನಿಂದ ಡೀಸೆಲ್ ತುಂಬಿಕೊಂಡು ಬಂದವನು ಘಾಟಿ ಹತ್ತಿ ಮುಗಿಯಿತು ಎಂದು ನಿರಾಳನಾಗುತ್ತಾನೆ, ಮೇಲಿನ ಗೇರಿನಲ್ಲಿ ಪಾದ ಪೆಡಲಿನ ಮೇಲಿಟ್ಟುಕೊಂಡೇ ಬರುತ್ತಾನೆ. ನನ್ನ ಸ್ವಂತ ಊರಿನ ಈ ರಸ್ತೆಯಲ್ಲಿ ಕಾದ ಡ್ರಮ್ಮುಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಮಾಕುಟ್ಟಕ್ಕೆ ಇಳಿಯುವ ರಸ್ತೆಗೆ ಮಾತ್ರ ಎಲ್ಲರೂ ಹೆದರುತ್ತಾರೆ, ಹೆದರಿದ್ದರಿಂದಲೇ ಅಲ್ಲಿ ಗೇರು ಸರಿಯಾಗಿರುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ: ಡೀಸೆಲ್, ಪೆಟ್ರೋಲ್ ಇಳಿಸಿ ಖಾಲಿ ವಾಪಸು ಹೋಗುವ ಟ್ಯಾಂಕರ್‌ಗೆ ಅಪಾಯವಿಲ್ಲ ಎಂಬುದು. ತೂಕ ಕಡಿಮೆ, ಬ್ರೇಕ್ ಅಷ್ಟು ಕಾಯುವುದಿಲ್ಲ, ಸರಿ. ಆದರೆ ಪೆಟ್ರೋಲ್ ಇಳಿಸಿದ ಟ್ಯಾಂಕಿನ ಒಳಗೆ ಆವಿ ತುಂಬಿರುತ್ತದೆ, ದ್ರವಕ್ಕಿಂತ ಆ ಆವಿಯೇ ಬೇಗ ಬೆಂಕಿ ಹಿಡಿಯುವಂಥದ್ದು. ಒಂದು ಚಕ್ರದ ಬ್ರೇಕ್ ಬಿಡದೆ ಹಿಡಿದುಕೊಂಡು ಕಾದು, ಹಬ್ಬಿನ ಗ್ರೀಸ್ ಕರಗಿ, ಟೈರಿಗೆ ಬೆಂಕಿ ಬಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಖಾಲಿ ಗಾಡಿಯಲ್ಲೂ ಅದೇ ಶಿಸ್ತು ಇರಲಿ.

ಮಳೆಗಾಲದಲ್ಲಿ ಭಾರಿ ವಾಹನಗಳಿಗೆ ಜಿಲ್ಲಾಡಳಿತ ಈ ಘಾಟಿಯಲ್ಲಿ ನಿರ್ಬಂಧ ಹಾಕುವುದುಂಟು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡವೇ ಕುಸಿದು ರಸ್ತೆ ಹೋದದ್ದನ್ನು ಕಂಡವನು ನಾನು. ಆದೇಶ ಬಂದಾಗ ಗೊಣಗದೆ ಪಾಲಿಸಿ. ರಸ್ತೆ ತೆರೆದಿದ್ದರೂ ನಡುವೆ ನೀರು ಹರಿಯುವ ಜಾಗ ದಾಟಿದ ಮೇಲೆ ಒಮ್ಮೆ ಮೆಲ್ಲನೆ ಬ್ರೇಕ್ ಒತ್ತಿ ಲೈನರ್ ಒಣಗಿಸಿಕೊಳ್ಳಿ. ಒದ್ದೆ ಲೈನರ್ ಮೊದಲ ಒತ್ತಿಗೆ ಹಿಡಿಯುವುದಿಲ್ಲ.

ಎಲ್ಲ ಎಚ್ಚರದ ನಂತರವೂ ಬ್ರೇಕ್ ಕಾದರೆ? ಸಮತಟ್ಟು ಜಾಗದಲ್ಲಿ, ಮನೆ, ಅಂಗಡಿ, ಪೆಟ್ರೋಲ್ ಬಂಕ್ ಮತ್ತು ಒಣ ಹುಲ್ಲಿನಿಂದ ದೂರ ನಿಲ್ಲಿಸಿ. ಗೇರಿನಲ್ಲಿಟ್ಟು ಚಕ್ರಗಳಿಗೆ ಕಲ್ಲು ಕೊಡಿ. ಪಾರ್ಕಿಂಗ್ ಬ್ರೇಕ್ ಎಳೆಯಬೇಡಿ, ಶೂ ಒತ್ತಿಕೊಂಡಿರುವಾಗಲೇ ಡ್ರಮ್ ತಣಿದು ಕುಗ್ಗಿದರೆ ಸೀಳಬಹುದು ಅಥವಾ ಹಿಡಿದುಕೊಂಡುಬಿಡಬಹುದು. ಹೊಗೆ ಮಾತ್ರ ಇದ್ದರೆ ನೀರು ಹಾಕಬೇಡಿ, ಗಾಳಿಗೆ ತಾನಾಗಿ ತಣಿಯಲಿ, ಅರ್ಧ ಗಂಟೆಯೋ ಒಂದು ಗಂಟೆಯೋ ಆಗಲಿ. ಜ್ವಾಲೆ ಕಂಡರೆ ಲೆಕ್ಕ ಬೇರೆ: ಆಗ ಡ್ರಮ್ಮಿನ ಆಸೆ ಬಿಟ್ಟು ಬೆಂಕಿ ನಂದಿಸುವ ಪೌಡರ್ ಸಿಲಿಂಡರನ್ನು ಪೂರ್ತಿ ಬಳಸಿ, ಟೈರ್ ಹತ್ತಿಕೊಂಡಿದ್ದರೆ ನೀರನ್ನೂ ಸುರಿಯಿರಿ, 112ಕ್ಕೆ ಕರೆ ಮಾಡಿ, ಜನರನ್ನು ಎರಡೂ ಕಡೆ ದೂರ ನಿಲ್ಲಿಸಿ. ಆರಿದ ಟೈರ್ ಮತ್ತೆ ಹತ್ತಿಕೊಳ್ಳುತ್ತದೆ, ಬಿಟ್ಟು ಹೋಗಬೇಡಿ. ಇಂಧನದ ಟ್ಯಾಂಕರ್ ಆಗಿದ್ದು, ಬೆಂಕಿ ಮೊದಲ ಪ್ರಯತ್ನಕ್ಕೆ ಬಗ್ಗದಿದ್ದರೆ ನೀವೂ ಓಡಿ. ಗಾಡಿ ಇನ್ನೊಂದು ಬರುತ್ತದೆ.

ಬ್ರೇಕ್ ಪೂರ್ತಿ ಹೋದರೆ ಎಂಜಿನ್ ಆಫ್ ಮಾಡಬೇಡಿ, ಸ್ಟೇರಿಂಗ್ ಕಲ್ಲಾಗುತ್ತದೆ. ಇರುವ ಗೇರನ್ನು ಬಿಡಬೇಡಿ. ಹೆಡ್‌ಲೈಟ್, ಹಾರ್ನ್ ಎರಡೂ ಹಾಕಿ. ಪಾರ್ಕಿಂಗ್ ಬ್ರೇಕ್ ಕೂಡ ಅದೇ ಕಾದ ಶೂಗಳನ್ನೇ ಒತ್ತುವುದರಿಂದ ಅದೊಂದನ್ನೇ ನೆಚ್ಚಬೇಡಿ. ಗುಡ್ಡದ ಕಡೆಯ ಚರಂಡಿಗೆ ಚಕ್ರ ಇಳಿಸುವ ನಿರ್ಧಾರವನ್ನು ಬೇಗ, ವೇಗ ಏರುವ ಮೊದಲೇ ತೆಗೆದುಕೊಳ್ಳಿ. ಮುಂದಿನ ತಿರುವಿನಲ್ಲಿ ಸರಿಹೋಗಬಹುದು ಎಂಬ ಆಸೆ ಬೇಡ.

ಸಂಪಾಜೆಗೆ ಇಳಿದ ಮೇಲೆ ಚಹಾ ಕುಡಿಯುವ ಮೊದಲು ಇನ್ನೊಂದು ಕೆಲಸ ಇದೆ. ಮುಟ್ಟದೆ ಶಾಖ ಅಳೆಯುವ ಒಂದು ಗನ್ ಥರ್ಮಾಮೀಟರನ್ನು ನಾನು ಕೊನೆಯ ವರ್ಷಗಳಲ್ಲಿ ಸದಾ ಇಟ್ಟುಕೊಂಡಿದ್ದೆ. ಅದು ಇಲ್ಲದಿದ್ದರೆ ಅಂಗೈಯ ಹಿಂಭಾಗವನ್ನು ಹಬ್ಬಿನ ಹತ್ತಿರ ಹಿಡಿದು ನೋಡಿ, ಮುಟ್ಟಬೇಡಿ. ಒಂದೇ ಆಕ್ಸಲ್ಲಿನ ಎಡ ಬಲ ಚಕ್ರಗಳನ್ನು ಹೋಲಿಸಿ. ಒಂದು ಬಹಳ ಬಿಸಿಯಾಗಿದ್ದರೆ ಅದು ಉಜ್ಜುತ್ತಿದೆ. ಒಂದು ತಣ್ಣಗಿದ್ದರೆ ಖುಷಿಪಡಬೇಡಿ, ಅದು ಕೆಲಸವನ್ನೇ ಮಾಡುತ್ತಿಲ್ಲ, ಅದರ ಪಾಲನ್ನೂ ಉಳಿದವು ಹೊತ್ತಿವೆ. ಅಕ್ಕನ ಮಗನಿಗೆ ನನ್ನ ಗನ್ನನ್ನೇ ಕೊಟ್ಟಿದ್ದೇನೆ, ಜೊತೆಗೆ ಒಂದು ಇನ್ನೂರು ಪುಟದ ನೋಟ್‌ಬುಕ್. ಪ್ರತಿ ಟ್ರಿಪ್ಪಿಗೆ ಆರು ಚಕ್ರ, ಆರು ಅಂಕಿ. ಮೊನ್ನೆ ಫೋನ್ ಮಾಡಿ, "ಮಾವ, ಹಿಂದಿನ ಎಡಗಡೆಯದು ಮೂರು ದಿನದಿಂದ ಉಳಿದವುಗಳಿಗಿಂತ 60 ಡಿಗ್ರಿ ಹೆಚ್ಚು ತೋರಿಸುತ್ತಿದೆ" ಎಂದ. ಗಾಡಿ ಷೆಡ್ಡಿಗೆ ಬಿಟ್ಟು ಬಾ ಎಂದೆ. ಬಿಚ್ಚಿದಾಗ ಕ್ಯಾಮ್ ಬುಷ್ ಒಣಗಿ ಶೂ ಹಿಂದಕ್ಕೆ ಹೋಗದೆ ನಿಂತಿತ್ತಂತೆ.